ಆರ್‌ಎಕ್ಸ್-8 ಎಂಜಿನ್ ದೀರ್ಘಕಾಲ ಬಾಳಬೇಕೆಂದರೆ

ಮಾಜ್ದಾ ಆರ್‌ಎಕ್ಸ್-8 ಓಡಿಸುವವರು ಆಯಿಲ್ ಕಡಿಮೆಯಾಗುತ್ತಿದೆ ಎಂದು ಗಾಬರಿಯಾಗಬೇಡಿ. ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಈ ರೋಟರಿ ಎಂಜಿನ್, ರೋಟರ್ ತುದಿಗಳಲ್ಲಿರುವ ಅಪೆಕ್ಸ್ ಸೀಲ್‌ಗಳು ಸವೆಯದಿರಲೆಂದು ಒಳಗೆ ಸ್ವಲ್ಪ ಸ್ವಲ್ಪವೇ ಆಯಿಲ್ ಬಿಟ್ಟುಕೊಂಡು ಪೆಟ್ರೋಲ್ ಜೊತೆ ಸುಡುತ್ತದೆ, ವಿನ್ಯಾಸವೇ ಹಾಗಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಕಾರನ್ನು ನಾಲ್ಕು ಅಡಿ ಸರಿಸಿ, ತಕ್ಷಣ ಆಫ್ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲಷ್ಟೇ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿಸಿ, ಆದರೆ ಆಗಾಗ ಏರಿಸಲೇಬೇಕು. ಸದಾ ಮೆಲ್ಲಗೆ ಓಡಿಸಿದರೆ ಇಂಗಾಲ ಕಟ್ಟಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳಲ್ಲಿ ಒಂದು ಸೋತರೂ ಸುಡದ ಪೆಟ್ರೋಲ್, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ನಾನಾದರೆ ನಾಲ್ಕನ್ನೂ ಒಟ್ಟಿಗೇ ಬದಲಿಸುತ್ತೇನೆ.