ಜಾಲತಾಣವನ್ನು ಹೊಸದಾಗಿ ಕಟ್ಟಿಸುವ ಮುನ್ನ

ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯಿಂದ ಹಾಳೆತಟ್ಟೆ, ಹಪ್ಪಳ, ಕಾಸರಗೋಡು ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಮಿತ್ರರು, ವ್ಯಾಪಾರ ಇಳಿದೊಡನೆ ಜಾಲತಾಣದ ವಿನ್ಯಾಸವನ್ನೇ ಬದಲಿಸಲು ಹೊರಡುವುದುಂಟು. ದಯವಿಟ್ಟು ಮೊದಲು ಗೂಗಲ್ ಸರ್ಚ್ ಕನ್ಸೋಲ್ ನೋಡಿ; ಗೂಗಲ್ ಹುಡುಕಾಟದಲ್ಲಿ ನಿಮ್ಮ ತಾಣ ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಅದನ್ನು ಒತ್ತಿದರು ಎಂದು ತೋರಿಸುವ ಸಾಧನವದು. ಅದು ಉಚಿತ, ಹಿಂದಿನ 16 ತಿಂಗಳ ಲೆಕ್ಕವನ್ನು ಕೊಡುತ್ತದೆ. ಹುಡುಕಾಟದಲ್ಲಿ ನಿಮ್ಮ ಪುಟ ಕಾಣಿಸುವುದೇ ಅಪರೂಪವಾಗಿದ್ದರೆ, ಬಣ್ಣ ಬದಲಿಸಿ ಫಲವಿಲ್ಲ. ಶೀರ್ಷಿಕೆ, ವಿವರಣೆಗಳಲ್ಲಿ ಗ್ರಾಹಕರು ಬಳಸುವ ಮಾತುಗಳೇ ಇರಬೇಕು. ನಾವು ಹಾಳೆತಟ್ಟೆ ಎನ್ನುವ ಅಡಿಕೆ ಹಾಳೆಯ ತಟ್ಟೆಯನ್ನು ಮಲಯಾಳಿಗಳು ಪಾಳ ಪ್ಲೇಟ್ ಎಂದು ಹುಡುಕುತ್ತಾರೆ. ಬಹುಭಾಷೆಯ ನಮ್ಮ ನಾಡಿನಲ್ಲಿ ಇದನ್ನು ಮರೆಯಬಾರದು.

ಜನ ಬಂದೂ ಕೊಳ್ಳದೆ ಮರಳುತ್ತಿದ್ದರೆ ಮಾತ್ರ ವಿನ್ಯಾಸವನ್ನು ಶಂಕಿಸಬೇಕು. ಮೊಬೈಲಿನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕೆಂಬುದು ಗೂಗಲ್‌ನ ಮಾನದಂಡ. ಎಷ್ಟೋ ಸಲ ದೊಡ್ಡ ಚಿತ್ರಗಳನ್ನು ಕುಗ್ಗಿಸಿದರೆ ಸಾಕಾಗುತ್ತದೆ.

ಮರುವಿನ್ಯಾಸ ಅನಿವಾರ್ಯವೇ ಆದರೆ, ಹಳೆಯ ಪುಟಗಳ ವಿಳಾಸಗಳನ್ನೆಲ್ಲ ಮೊದಲೇ ಪಟ್ಟಿಮಾಡಿ, ಬದಲಾದ ಪ್ರತಿಯೊಂದನ್ನೂ ಹೊಸದಕ್ಕೆ 301 ಮರುನಿರ್ದೇಶನದಿಂದ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಶಾಶ್ವತ ಸೂಚನೆಯಿಂದ) ಜೋಡಿಸುವಂತೆ, ಕನಿಷ್ಠ 1 ವರ್ಷ ಅದನ್ನು ಉಳಿಸುವಂತೆ ನಿರ್ಮಾಪಕರಿಗೆ ಲಿಖಿತವಾಗಿ ತಿಳಿಸಿ. ನನ್ನ ತಾಣದಲ್ಲಿ ಇದನ್ನು ಮಾಡದೆ, ಹುಡುಕಾಟದಲ್ಲಿ ವರ್ಷಗಳ ಕಾಲ ಗಳಿಸಿದ ಸ್ಥಾನ ಕೈತಪ್ಪಿತು. ಆ ನೋವು ನಿಮಗೆ ಬೇಡ. ಪರೀಕ್ಷೆಯ ಸಮಯದಲ್ಲಿ ಹಾಕಿದ ‘ನೋಇಂಡೆಕ್ಸ್’ ಸೂಚನೆಯನ್ನು (ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಎಂದು ಗೂಗಲ್‌ಗೆ ಹೇಳುವುದು) ತೆಗೆದಿದ್ದಾರೆಯೇ ಎಂಬುದನ್ನು ತಾಣ ತೆರೆಯುವ ದಿನವೇ ಕೇಳಿ.