ಹತ್ತುವ ದಾರಿಗೆ ಕಿಲೋಮೀಟರ್ ಲೆಕ್ಕ ಬಿಟ್ಟೆ

ಚಾರಣಕ್ಕೆ ಕರೆದೊಯ್ದ ಗುಂಪಿಗೆ, ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಏಳು ತಾಸಿನ ನಡಿಗೆ ಅಂದಿದ್ದೆ. ಗುಂಪಿನ ಕೊನೆಯವರು ತಲುಪಿದಾಗ ಏಳು ತಾಸು, ಹತ್ತು ನಿಮಿಷ. ದಾರಿ ಮಧ್ಯದ ಭಟ್ಟರ ಮನೆಯಲ್ಲಿ ತಂಗಿದ ರಾತ್ರಿ ಬಿಟ್ಟು. "ನಡಿಗೆಗೂ ಲೆಕ್ಕ ಬೇಕೇನ್ರೀ" ಅಂದಿದ್ದವರೇ ಈಗ ಹೊರಡೋ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಮೊದಲ ಸಲ ಹಾಗಿರಲಿಲ್ಲ. ಮೈಸೂರಿನ ಸಮತಟ್ಟು ರಸ್ತೆಯಲ್ಲಿ ಬ್ಯಾಗ್ ಹೊತ್ತು ತಾಸಿಗೆ ನಾಲ್ಕೂವರೆ ಕಿಲೋಮೀಟರ್ ನಡೀತಿದ್ದೆವು. ದಾರಿ ಸುಮಾರು 13 ಕಿಲೋಮೀಟರ್, ನಾಲ್ಕು ತಾಸು ಸಾಕು ಅಂದುಕೊಂಡೆ. ತುದಿಗೂ ಮುಂಚೆ ಸಿಗುವ ಶೇಷ ಪರ್ವತದ ಕೆಳಗೇ ಹೊತ್ತು ಮೀರಿತು, ಎಲ್ಲರನ್ನೂ ವಾಪಸ್ ಇಳಿಸಿದೆ. ಹನ್ನೆರಡು ಜನಕ್ಕೆ ಅರ್ಧರ್ಧ ದುಡ್ಡು ಹಿಂದಿರುಗಿಸಿ ಒಂಬತ್ತು ಸಾವಿರ ಕೈಬಿಟ್ಟಿತು. ಆಮೇಲೆ ಏಳು ಸಾವಿರದ ಜಿಪಿಎಸ್ ವಾಚ್ ತಗೊಂಡೆ. ದಟ್ಟ ಕಾಡಲ್ಲಿ ಅದು ತೋರಿಸುವ ದೂರ ಒಂದೊಂದು ಸಲ ಒಂದೊಂದು.

ಬೆಟ್ಟ ಹತ್ತೋಕೆ ಎಷ್ಟು ಹೊತ್ತು ಬೇಕು ಅಂತ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಒಂದು ಲೆಕ್ಕ ಕೊಟ್ಟಿದ್ದ. ತಾಸಿಗೆ ಐದು ಕಿಲೋಮೀಟರ್, 600 ಮೀಟರ್ ಏರಿಗೆ ಇನ್ನೊಂದು ತಾಸು. ಅದನ್ನೂ ನೋಡಿದೆ. ಐದೂಕಾಲು ತಾಸು ಬಂತು. ನಮ್ಮ ಕಡೆಯ ಸೆಕೆಯಲ್ಲಿ, ಬೆನ್ನ ಮೇಲೆ ಬ್ಯಾಗ್ ಇಟ್ಟುಕೊಂಡು ಅದು ಆಗೋದಲ್ಲ. ಆ 600ನ್ನು 400ಕ್ಕೆ ಇಳಿಸಿದೆ. ತುದಿ 1,712 ಮೀಟರ್, ಕುಕ್ಕೆ ತೀರಾ ತಗ್ಗು. ಏರೇ 1,500 ಮೀಟರ್‌ಗಿಂತ ಜಾಸ್ತಿ, ಅದಕ್ಕೇ ನಾಲ್ಕು ತಾಸು. ದೂರಕ್ಕೆ ನಮ್ಮದೇ ನಾಲ್ಕೂವರೆ ಕಿಲೋಮೀಟರ್ ಲೆಕ್ಕದಲ್ಲಿ ಮೂರು.

ಈಗ ವಾಚ್ ಬೇಡ. ಗಾಳಿಯ ಒತ್ತಡದಿಂದ ಎತ್ತರ ಹೇಳುವ ಬ್ಯಾರೋಮೀಟರ್ ಇರುವ ಹಳೇ ಫೋನ್, ಸೆಕೆಂಡ್ ಹ್ಯಾಂಡ್, ಮೂರೂವರೆ ಸಾವಿರ. ಹೊರಡುವಾಗ ಎತ್ತರ ಸರಿಮಾಡಿಕೊಳ್ಳಲೇಬೇಕು. ಮೋಡ ಕವಿದು ಒತ್ತಡ ಇಳಿದರೆ ನಿಂತಲ್ಲೇ ಎತ್ತರ ಏರಿದ ಹಾಗೆ ತೋರಿಸುತ್ತದೆ. ಮೊದಲ ಅರ್ಧ ತಾಸಿನ ಏರು ನೋಡಿದರೆ ಆ ಗುಂಪು ತಾಸಿಗೆ ಎಷ್ಟು ಮೀಟರ್ ಏರುತ್ತದೆ ಅನ್ನೋ ಅಂಕಿ ಸಿಗುತ್ತದೆ. ಯಾರನ್ನು ಮುಂದೆ ಬಿಡಬೇಕು ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಎಂಟು ಕೆಜಿ ಬ್ಯಾಗ್ ಹೊತ್ತು ಕುಕ್ಕರಹಳ್ಳಿ ಕೆರೆ ಸುತ್ತಿದರೆ ಎರಡು ನಿಮಿಷವೂ ಹೆಚ್ಚು ಹಿಡಿಯಲಿಲ್ಲ. ಅದೇ ಬ್ಯಾಗ್ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಇಪ್ಪತ್ತೈದು ನಿಮಿಷವನ್ನು ಮೂವತ್ಮೂರು ಮಾಡಿತು. ಅಂದಿನಿಂದ ಏರಿನ ತಾಸುಗಳಿಗೆ ಮಾತ್ರ ಬ್ಯಾಗಿನ ತೂಕ ಸೇರಿಸುತ್ತೇನೆ.

ಇಳಿಜಾರು ಇನ್ನೂ ಕೈಗೆ ಸಿಕ್ಕಿಲ್ಲ. ಕುಮಾರ ಪರ್ವತ ಇಳಿಯೋಕೂ ಐದೂವರೆ ತಾಸು ಹಿಡಿಯಿತು. ಮಂಡಿ ನೋವಿನವರು ಇಬ್ಬರಿದ್ದರು.