ಅಂಗಡಿಯ ಲ್ಯಾಪ್‌ಟಾಪ್ ಒರೆಸಿ ಲಿನಕ್ಸ್ ಹಾಕಿದ್ದು

ನಮ್ಮದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. 2017ರಿಂದ ಅಲ್ಲಿ ದುಡಿದ ಲ್ಯಾಪ್‌ಟಾಪನ್ನು ಅಣ್ಣನ ಮಗಳ ಓದಿಗೆ ಕೊಡೋಣವೆಂದಾಯಿತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದರ ಏಳನೇ ತಲೆಮಾರಿನ ಐ5 ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ 11 ಹಾಕಬಹುದು ನಿಜ, ಆದರೆ ಯಾವ ಅಪ್‌ಡೇಟ್‌ಗೆ ಕೈಕೊಡುತ್ತದೋ ಎಂದು ಕಾಯುವ ಯಂತ್ರವನ್ನು ಓದುವ ಹುಡುಗಿಗೆ ಕೊಡಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ.

ಹಾಕುವುದೇನೂ ದೊಡ್ಡ ಕೆಲಸವಲ್ಲ. ತಲೆನೋವೆಲ್ಲ ಅದಕ್ಕೆ ಮೊದಲಿನದು. ಡಿಟಿಪಿ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅರ್ಧ ಊರೇ ಇರುತ್ತದೆ: ಆಧಾರ್, ಪಹಣಿ, ಜಾತಿ-ಆದಾಯ ಪತ್ರ, ಮಾರ್ಕ್ಸ್ ಕಾರ್ಡ್. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತೀರಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಹುಟ್ಟಿದ ವರ್ಷ, ಅಷ್ಟೇ ಅದು. ಫೈಲಿಗೆ ಗಿರಾಕಿಯ ಹೆಸರನ್ನೇ ಇಟ್ಟು ಸೇವ್ ಮಾಡಿರುತ್ತೇವೆ, ಉಳಿದದ್ದು ವರ್ಷ ಊಹಿಸುವುದೊಂದೇ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಇವು ಯಾವುವೂ ಅಳಿಯುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ ಹೊಸದಾಗುತ್ತದೆ, ಒಳಗಿನ ಸರಕು ಡಿಸ್ಕಿನ ಮೇಲೆ ಹಾಗೇ ಕೂತಿರುತ್ತದೆ. ಹಾಗೆ ಫಾರ್ಮ್ಯಾಟ್ ಆದ ಡಿಸ್ಕಿನಿಂದ ಗಿರಾಕಿಗಳ ಮದುವೆ ಫೋಟೊಗಳನ್ನು ನಾನೇ ತೆಗೆದುಕೊಟ್ಟದ್ದುಂಟು.

ಒರೆಸುವ ಮುನ್ನ ಬೇಕಾದ್ದನ್ನು ಎತ್ತಿಡಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಬ್ರೌಸರಿನ ಪಾಸ್‌ವರ್ಡುಗಳು ಎಲ್ಲರಿಗೂ ನೆನಪಾಗುತ್ತವೆ. ಕನ್ನಡದಲ್ಲಿ ಕೆಲಸ ಮಾಡುವವರು ಇದರ ಜೊತೆಗೆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಲೇಬೇಕು. ನಮ್ಮ ಲಗ್ನಪತ್ರಿಕೆ, ಕರಪತ್ರಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೇ ಆಸ್ಕಿ ಫಾಂಟಿನಲ್ಲಿವೆ. ಯೂನಿಕೋಡ್‌ನಲ್ಲಿ ಕ ಎಂದರೆ ಎಲ್ಲ ಕಂಪ್ಯೂಟರಿನಲ್ಲೂ ಕ. ಆಸ್ಕಿಯಲ್ಲಿ ಹಾಗಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದೆ ಫೈಲ್ ತೆರೆದರೆ ‘ಕನ್ನಡ’ ಎಂದು ಟೈಪ್ ಮಾಡಿದ್ದು ಒಂದು ಪಿ, ಒಂದು ಪೌಂಡ್ ಗುರುತು, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ಎ, ಹೀಗೆ ಕಾಣುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಂಡೆ. ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಅವನ್ನು ಇನ್‌ಸ್ಟಾಲ್ ಮಾಡಿ, ಹಳೇ ಪತ್ರಿಕೆ ಒಂದೆರಡು ತೆರೆದು, ಪ್ರಿಂಟ್ ತೆಗೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದಿಲ್ಲ.

ಒರೆಸಲು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಮಿಂಟ್ ಬರೆದ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿ (ಆನ್ ಮಾಡುತ್ತಲೇ ಒತ್ತುವ ಕೀಲಿ ಕೆಲವದರಲ್ಲಿ ಎಫ್12, ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್) ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದೆ. ಮೊದಲು ಡಿಸ್ಕ್‌ಗಳ ಪಟ್ಟಿ. 1 ಟಿಬಿ ಹಾರ್ಡ್ ಡಿಸ್ಕ್ ಅಲ್ಲಿ 931 ಜಿಬಿ ಎಂದು ಕಾಣುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ, ಪಟ್ಟಿ ತೋರಿಸುವ ಕಮಾಂಡ್ 1024ರ ಲೆಕ್ಕದಲ್ಲಿ. ಗಾತ್ರ ನೋಡಿ ಡಿಸ್ಕಿನ ಹೆಸರು ಖಚಿತ ಮಾಡಿಕೊಳ್ಳಬೇಕು. ಹೊರಗಿನ ಬ್ಯಾಕಪ್ ಡಿಸ್ಕನ್ನು ಈ ಹೊತ್ತಿಗೆ ಕಿತ್ತು ಬೀರುವಿಗೆ ಸೇರಿಸಿದ್ದೆ, ಏಕೆಂದರೆ ಒರೆಸಲು ಬಳಸುವ ‘ಡಿಡಿ’ ಎಂಬ ಕಮಾಂಡ್ ಖಾತ್ರಿಯೇ ಎಂದು ಕೇಳುವುದಿಲ್ಲ. ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆಯಲು ಹೇಳಿ ಎಂಟರ್ ಒತ್ತಿದೆ.

ಶುರುವಿನಲ್ಲಿ ಸೆಕೆಂಡಿಗೆ ನೂರು ಎಂಬಿಯ ಮೇಲಿದ್ದ ವೇಗ ಬರಬರುತ್ತ ಅರ್ಧಕ್ಕಿಳಿಯಿತು. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಡಿಸ್ಕಿನೊಳಗೆ ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಹೆಚ್ಚು ಡೇಟಾ ಹಿಡಿಯುತ್ತದೆ, ಒಳಗೆ ಹೋದಂತೆ ಕಡಿಮೆ. ಮೂರು ಗಂಟೆ ದಾಟಿತು. ಬೇಸಿಗೆಯಲ್ಲಿ ಕರೆಂಟ್ ನಂಬಲಾಗದು, ಬ್ಯಾಟರಿಯೂ ಸತ್ತಿತ್ತು. ಚಾರ್ಜರನ್ನು ಯುಪಿಎಸ್‌ಗೆ ಹಾಕಿ, ಅಂಗಡಿ ಮುಚ್ಚಿದ ಭಾನುವಾರ ಮಾಡಿದೆ.

ಏಳು ಸಲ, 35 ಸಲ ಒರೆಸಬೇಕು ಎನ್ನುವವರಿದ್ದಾರೆ. ಆ 35 ಬಂದದ್ದು 1996ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ ಬರೆದ ಪ್ರಬಂಧದಿಂದ, ಅದೂ ಆ ಕಾಲದ ಬಗೆಬಗೆಯ ಡಿಸ್ಕ್‌ಗಳನ್ನು ಗಮನದಲ್ಲಿಟ್ಟುಕೊಂಡು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಸಾಕು. ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಇದ್ದರೆ ಮಾತ್ರ ಈ ದಾರಿ ಬೇಡ. ಅದು ಬರೆಯುವ ಜಾಗವನ್ನು ತಾನೇ ಒಳಗೊಳಗೆ ಬದಲಿಸುತ್ತಿರುತ್ತದೆ, ನಮ್ಮ ಕಣ್ಣಿಗೆ ಬೀಳದ ಮೀಸಲು ಜಾಗವೂ ಇರುತ್ತದೆ. ಅದಕ್ಕೆ ಬಯಾಸ್‌ನಲ್ಲೋ (ಕಂಪ್ಯೂಟರ್ ಆನ್ ಆಗುವಾಗಿನ ಸೆಟ್ಟಿಂಗ್ಸ್) ತಯಾರಕರ ಟೂಲ್‌ನಲ್ಲೋ ಸಿಗುವ ಸೆಕ್ಯೂರ್ ಇರೇಸ್ ಬಳಸಬೇಕು.

ಮುಗಿದ ಮೇಲೆ, ಡಿಸ್ಕಿನಲ್ಲಿರುವುದನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್‌ಡಂಪ್ ಕಮಾಂಡಿನಲ್ಲಿ ಅದನ್ನು ಓದಿಸಿದೆ. ಒಂದೇ ಸಾಲು ಸೊನ್ನೆ, ಅದರ ಕೆಳಗೆ ಒಂಟಿ ನಕ್ಷತ್ರ ಚಿಹ್ನೆ, ಕೊನೆಗೆ ಡಿಸ್ಕಿನ ಅಳತೆ. ‘ಮುಂದಿನದೂ ಇದೇ’ ಎಂದು ಆ ನಕ್ಷತ್ರದ ಅರ್ಥ. ಆದರೆ ಕೊನೇ ತನಕ ಓದಿ ಆ ಅಳತೆ ತೋರಿಸಲು ಅದಕ್ಕೂ ಒರೆಸಿದಷ್ಟೇ ಹೊತ್ತು ಬೇಕು.

ಆಮೇಲೆ ಹಾರ್ಡ್ ಡಿಸ್ಕ್ ಬಿಚ್ಚಿ, ಆ ಜಾಗಕ್ಕೆ ಚಿಕ್ಕದೊಂದು ಎಸ್‌ಎಸ್‌ಡಿ ಕೂರಿಸಿದೆ. ಹಳೇ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೇ ಖರ್ಚು ಇನ್ನೊಂದಿಲ್ಲ. ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ ವೈಫೈ, ಸೌಂಡ್, ಕ್ಯಾಮೆರಾ ಕೆಲಸ ಮಾಡುತ್ತವೆಯೇ ನೋಡಿಕೊಂಡು, ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡು ಎಂಬುದನ್ನು ಆರಿಸಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯಿತು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅವಳ ಡಿಗ್ರಿಗೆ ಸಾಕು.

“ಚಿಕ್ಕಪ್ಪಾ, ನುಡಿ ಬರಲ್ವಾ ಇದರಲ್ಲಿ?” ಎಂದಳು. ಕೀಬೋರ್ಡ್ ಲೇಔಟ್‌ಗಳಲ್ಲಿ ಬರೀ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿ ಜೋಡಣೆ. ಅದರ ಜೊತೆ ‘ಕಗಪ’ ಎಂದು ಇನ್ನೊಂದಿದೆ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಅದನ್ನು ಸೇರಿಸಿದೆ. ನುಡಿಯಲ್ಲಿದ್ದಂತೆ ಇಲ್ಲೂ ಒತ್ತಕ್ಷರಕ್ಕೆ ಎಫ್ ಕೀಲಿಯೇ, ಅವಳ ಬೆರಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಬಿಚ್ಚಿದ ಹಾರ್ಡ್ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ. ಯುಎಸ್‌ಬಿ ಕೇಸ್ ತಂದು ಹಾಕಿ ಅಂಗಡಿಯ ಎರಡನೇ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ.